ಏಳೂವರೆ ಅಡಿ ದಪ್ಪ ಗ್ವಾಡಿ, 30 ತಾಸಿನ ಗುಂಡು: ಫೋರ್ಟ್ ಪುಲಾಸ್ಕಿ ಯಾಕ ಬಿತ್ತು?

ಶೆರ್ಜಾ ಬುರುಜು, ವಿಜಯಪುರ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ್ರಿ.

ನಮ್ಮ ಹೈಸ್ಕೂಲಿನ ಇತಿಹಾಸ ಪ್ರದರ್ಶನಕ್ಕ ಈ ಸಲ ಕೋಟೆ ಮತ್ತ ತೋಪು ಅನ್ನೋ ವಿಷಯ ತಗೊಂಡೀವಿ. ಊರಾಗಿನ ಕೋಟೆ, ಮಲಿಕ್-ಎ-ಮೈದಾನ್ ತೋಪು ಹೆಂಗೂ ಇರ್ತಾವ. ಅದರ ಬಾಜೂಕ ಹೊರದೇಶದ ಸಮುದ್ರದಂಡಿ ಕೋಟೆ ಒಂದು ಇಡಬೇಕಂತ ಅಮೆರಿಕದ ಅಂತರ್ಯುದ್ಧದ (1861–65) ಫೋರ್ಟ್ ಪುಲಾಸ್ಕಿ ಆರಿಸೀವಿ. ಜಾರ್ಜಿಯಾ ರಾಜ್ಯದಾಗ ಸವಾನಾ ನದಿ ಸಮುದ್ರ ಸೇರೋ ಜಾಗಾದಾಗ ಐತಿ ಅದು.

ನನಗ ಬಗೆಹರಿಯದ ಸಂಗತಿ ಇದು. 1829ರಿಂದ 1847ರ ತನಕ ಕಟ್ಟಿದ ಕೋಟೆ. ಸುಮಾರು ಎರಡೂವರೆ ಕೋಟಿ ಇಟ್ಟಂಗಿ ಹಾಕ್ಯಾರ. ಗ್ವಾಡಿ ಏಳೂವರೆ ಅಡಿ ದಪ್ಪ. ಸುತ್ತ ಕಂದಕ, ಅದರಾಚೆ ಜವುಗು, ಅದರಾಚೆ ನದಿ. ಕೋಟೆ ಆಗ ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳವರ ಕೈಯಾಗಿತ್ತು. ಇಷ್ಟೆಲ್ಲಾ ಇದ್ದೂ 1862ರ ಏಪ್ರಿಲ್ 10ಕ್ಕ ಮುಂಜಾನೆ ಉತ್ತರದ ಒಕ್ಕೂಟದ ಸೈನಿಕರು ಗುಂಡು ಹಾರಿಸಾಕ ಹತ್ತಿದ್ರು, 11ಕ್ಕ ಮಧ್ಯಾಹ್ನ ಕೋಟೆ ಶರಣಾತು. ಸತ್ತವರು ಆ ಕಡೆ ಒಬ್ಬ, ಈ ಕಡೆ ಒಬ್ಬ. ಏಣಿ ಹಚ್ಚಿ ಏರಿದ್ದಿಲ್ಲ, ಕೈ ಕೈ ಹತ್ತಿದ್ದಿಲ್ಲ.

"ರೈಫಲ್ ತೋಪು ಬಂದ್ವು, ಇಟ್ಟಂಗಿ ಕೋಟೆಗಳ ಕಾಲ ಮುಗೀತು" ಅಂತ ಒಂದ ಸಾಲಿನ್ಯಾಗ ಎಲ್ಲಾರೂ ಹೇಳಿ ಮುಗಿಸ್ತಾರ. ಹುಡುಗೂರು ಅಷ್ಟಕ್ಕ ಬಿಡಂಗಿಲ್ಲರಿ. ಗುಂಡು ಎಷ್ಟು ಒಳಗ ಹೋಗ್ತಿತ್ತು, ಒಂದ ಮೂಲಿ ಯಾಕ ಆರಿಸಿದ್ರು, ಅಷ್ಟು ಭಾರದ ತೋಪು ರಾಡ್ಯಾಗ ಹೆಂಗ ಒಯ್ದ್ರು, ಒಳಗಿನವರು ಅಷ್ಟು ಲಗೂ ಯಾಕ ಕೈ ಎತ್ತಿದ್ರು ಅಂತ ಕೇಳ್ತಾರ. ಗೊತ್ತಿದ್ದವರು ಲೆಕ್ಕ ಸಮೇತ ಹೇಳ್ರಿ. ಮಾದರಿ ಯಾವ ಅಳತಿಗೆ ಮಾಡಿದ್ರ ಚಲೋ ಅನ್ನೋದೂ ಬೇಕು.

ಗಚ್ಚುಗಾರೆ, ಬೆಳಗಾವಿ

ಕಟ್ಟಿದವರು ದಡ್ಡರಲ್ಲ, ಅದನ್ನು ಮೊದಲು ಹೇಳಿಬಿಡಬೇಕು. ಆ ಕಾಲದ ಲೆಕ್ಕಕ್ಕೆ ಪುಲಾಸ್ಕಿ ಪಕ್ಕಾ ಕೋಟೆ. ಅದು ನಿಂತಿರುವ ಕಾಕ್ಸ್‌ಪರ್ ದ್ವೀಪ ಬರೀ ಜವುಗು. ಗೋಡೆಗೆ ಕೈ ಹಚ್ಚುವ ಮೊದಲು ಒಡ್ಡು ಹಾಕಿ, ಕಾಲುವೆ ತೋಡಿ ನೀರು ಹೊರಗೆ ಕಳಿಸಬೇಕಾಯಿತು. 1829ರಲ್ಲಿ ಆ ಕೆಲಸಕ್ಕೆ ಬಂದವರಲ್ಲಿ ಆಗಷ್ಟೇ ವೆಸ್ಟ್ ಪಾಯಿಂಟ್ ಸೈನಿಕ ಶಾಲೆ ಮುಗಿಸಿದ್ದ ರಾಬರ್ಟ್ ಇ. ಲೀ ಒಬ್ಬ. ಮುಂದೆ ದಕ್ಷಿಣದವರ ಸೇನಾಪತಿಯಾದ ಲೀ ಇವನೇ. ಕೆಸರು ಭಾರ ತಡೆಯುವುದಿಲ್ಲವೆಂದು ಎಪ್ಪತ್ತು ಅಡಿ ಆಳದವರೆಗೂ ಮರದ ಕಂಬ ಬಡಿದು, ಮೇಲೆ ತೊಲೆಗಳನ್ನು ಹಾಸಿ, ಅದರ ಮೇಲೆ ಇಟ್ಟಿಗೆ ಎಬ್ಬಿಸಿದರು. ತೋಪಿನ ಕಿಂಡಿಗಳ ಸುತ್ತ ಪೆಟ್ಟು ಜಾಸ್ತಿ ಬೀಳುತ್ತದೆ ಅಂತ ಅಲ್ಲಿಗೆ ಉತ್ತರದ ಊರುಗಳಿಂದ ಗಟ್ಟಿ ಕೆಂಪು ಇಟ್ಟಿಗೆ ತರಿಸಿದರು. ಉಳಿದದ್ದಕ್ಕೆ ಸವಾನಾದ ಹತ್ತಿರದ ಹರ್ಮಿಟೇಜ್ ತೋಟದ ಭಟ್ಟಿಯ ಕಂದು ಇಟ್ಟಿಗೆ.

ಈಗ ದೂರದ ವಿಚಾರ. ಅಲ್ಲಿಯವರೆಗಿನ ತೋಪುಗಳ ಕೊಳವೆ ಒಳಗೆ ನಯ. ಗುಂಡು ಉರುಟು, ಕೊಳವೆಗಿಂತ ತುಸು ಸಣ್ಣದು. ಸುತ್ತ ಉಳಿದ ಸಂದಿನಿಂದ ಮದ್ದಿನ ಒತ್ತಡ ಸೋರಿಹೋಗುತ್ತದೆ, ಗುಂಡು ಕೊಳವೆಯ ಗೋಡೆಗೆ ಅಲ್ಲಿ ಇಲ್ಲಿ ತಾಗುತ್ತ ಹೊರಬೀಳುತ್ತದೆ, ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹೀಗಾಗಿ ಗಚ್ಚಿನ ಗೋಡೆ ಒಡೆಯಬೇಕಾದರೆ ತೋಪು 700–800 ಗಜದ ಒಳಗೆ ಇರಬೇಕು, ಸಾವಿರ ಗಜ ದಾಟಿದರೆ ಆಗದ ಮಾತು ಅನ್ನುವುದು ಎಲ್ಲ ದೇಶದ ಎಂಜಿನಿಯರ್‌ಗಳೂ ಒಪ್ಪಿದ ನಿಯಮ. ಪುಲಾಸ್ಕಿಗೆ ಅತಿ ಹತ್ತಿರದ ಗಟ್ಟಿ ನೆಲ ಅಂದರೆ ಆಗ್ನೇಯಕ್ಕಿರುವ ಟೈಬೀ ದ್ವೀಪ, ಹತ್ತಿರ ಹತ್ತಿರ ಒಂದು ಮೈಲಿ. ನಡುವೆ ನೀರು ಮತ್ತು ಜವುಗು. ಅಂದರೆ ಈ ಕೋಟೆಯ ನಿಜವಾದ ರಕ್ಷಣೆ ಗೋಡೆಯ ದಪ್ಪದಲ್ಲಿ ಇರಲಿಲ್ಲ, ಆ ದೂರದಲ್ಲಿ ಇತ್ತು. ಲೀ 1861ರ ಕೊನೆಗೆ ಕೋಟೆಗೆ ಬಂದಾಗ ಕಿಲ್ಲೇದಾರ ಕರ್ನಲ್ ಚಾರ್ಲ್ಸ್ ಓಲ್ಮ್‌ಸ್ಟೆಡ್‌ಗೆ ಹೇಳಿದ್ದೂ ಇದನ್ನೇ: ಸಿಡಿಗುಂಡಿನ ಬಿಸಿ ತಟ್ಟುತ್ತದೆ, ಆದರೆ ಅಷ್ಟು ದೂರದಿಂದ ಗೋಡೆ ಒಡೆಯಲಾರರು. ವಿಶೇಷ ಏನೆಂದರೆ ಎದುರು ಪಕ್ಷದ ಮುಖ್ಯ ಎಂಜಿನಿಯರ್ ಜೋಸೆಫ್ ಟಾಟನ್‌ಗೂ ಇದೇ ನಂಬಿಕೆ.

ನಂಬದವನು ಕ್ಯಾಪ್ಟನ್ ಕ್ವಿನ್ಸಿ ಗಿಲ್ಮೋರ್. ಅವನೂ ಒಕ್ಕೂಟದ ಕಡೆಯ ಎಂಜಿನಿಯರ್, ಟೈಬೀಯಿಂದ ಈ ಮುತ್ತಿಗೆ ನಡೆಸಿದವನು. ರೈಫಲ್ ತೋಪಿನ ಕೊಳವೆಯೊಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಉದ್ದ, ಮುಂದೆ ಚೂಪು. ಹಾರಿಸಿದಾಗ ಗುಂಡಿನ ಹಿಂಭಾಗದ ಮೆತ್ತನೆ ಲೋಹ ಹಿಗ್ಗಿ ಗೀರಿನಲ್ಲಿ ಕೂಡುತ್ತದೆ, ಸಂದು ಮುಚ್ಚುತ್ತದೆ, ಗುಂಡು ಬುಗರಿಯ ಹಾಗೆ ತಿರುಗುತ್ತ ಮೂತಿ ಮುಂದೆ ಮಾಡಿಕೊಂಡೇ ಹೋಗುತ್ತದೆ. ಇನ್ನೊಂದು ಲಾಭ: ಅದೇ ಕೊಳವೆಯಲ್ಲಿ ಎರಡು ಪಟ್ಟು ತೂಕದ ಗುಂಡು ಹಿಡಿಯುತ್ತದೆ. ಜೇಮ್ಸ್ ತೋಪು ಅಂತ ಕರೆದದ್ದು ಬಹುಪಾಲು ಹಳೇ ನಯ ತೋಪುಗಳಿಗೇ ಗೀರು ಕೊರೆದದ್ದು. ಹಳೇ 42 ಪೌಂಡಿನದು 84 ಪೌಂಡ್ ಎಸೆಯಿತು, 32ರದು 64, 24ರದು 48.

ಮುತ್ತಿಗೆ ಮುಗಿದ ಮೇಲೆ ಗಿಲ್ಮೋರ್ ಗೋಡೆಯಲ್ಲಿ ಗುಂಡು ಹೊಕ್ಕ ಆಳದ ಲೆಕ್ಕ ಕೊಟ್ಟಿದ್ದಾನೆ. ಹುಡುಗರಿಗೆ ಇದನ್ನೇ ಬೋರ್ಡ್ ಮೇಲೆ ಬರೆದು ತೋರಿಸಿ. 84 ಪೌಂಡಿನ ಜೇಮ್ಸ್ ಗುಂಡು 1650 ಗಜದಿಂದ 26 ಇಂಚು. 64 ಪೌಂಡಿನದು 20 ಇಂಚು. 30 ಪೌಂಡಿನ ಪ್ಯಾರಟ್ (ಇನ್ನೊಂದು ಬಗೆಯ ರೈಫಲ್ ತೋಪು) ಗುಂಡು 1670 ಗಜದಿಂದ 18 ಇಂಚು. ನಯ ಕೊಳವೆಯ 10 ಇಂಚು ಕೊಲಂಬಿಯಾಡ್‌ನ 128 ಪೌಂಡ್ ಉರುಟು ಗುಂಡು 1740 ಗಜದಿಂದ ಬರೀ 13 ಇಂಚು. ಕಡೆಯ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ. ನಾಲ್ಕು ಪಟ್ಟಿಗಿಂತ ಭಾರವಾದ ಗುಂಡು ಕಡಿಮೆ ಆಳ ಹೋಗಿದೆ.

ಏಳೂವರೆ ಅಡಿ ಅಂದರೆ 90 ಇಂಚು. 26 ಇಂಚಿನ ತೂತು ಒಂದೇ ಏಟಿಗೆ ಆರಪಾರ ಆಗುವುದಿಲ್ಲ. ಆದರೆ ಅದೇ ಜಾಗಕ್ಕೆ ಎರಡನೆಯದು, ಮೂರನೆಯದು ಬಿದ್ದರೆ ಗಚ್ಚು ಬಿಟ್ಟುಕೊಂಡು ಇಟ್ಟಿಗೆ ಪುಡಿಯಾಗುತ್ತ ಹೋಗುತ್ತದೆ. ಗೋಡೆಯನ್ನು ಕೊರೆಯುವ ಕೆಲಸ ರೈಫಲ್‌ನದು, ಕೊರೆದು ಸಡಿಲವಾದದ್ದನ್ನು ಅಲುಗಿಸಿ ಕೆಡವುವ ಕೆಲಸ ಭಾರದ ಉರುಟು ಗುಂಡಿನದು.

ಒಂದು ಎಚ್ಚರಿಕೆ. ಜೇಮ್ಸ್ ತೋಪಿನ ಗೀರಿನಲ್ಲಿ ಮದ್ದಿನ ಕಿಟ್ಟ ಕಟ್ಟಿದರೆ ಗುಂಡು ಸರಿಯಾಗಿ ತಿರುಗುವುದಿಲ್ಲ, ಅಡ್ಡಡ್ಡ ಹಾರಿ ಎಲ್ಲೋ ಬೀಳುತ್ತದೆ. ಬೇರೆ ಕಡೆ ಈ ತೋಪಿಗೆ ಕೆಟ್ಟ ಹೆಸರು ಬಂದದ್ದು ಇದರಿಂದಲೇ. ಗೀರು ಚೊಕ್ಕ ಇಟ್ಟರೆ ಮಾತ್ರ ಇದು ಕೆಲಸದ ತೋಪು ಅಂತ ಗಿಲ್ಮೋರ್ ಒತ್ತಿ ಬರೆದಿದ್ದಾನೆ.

ಘಟಪ್ರಭಾ ದಂಡಿ, ಬಾಗಲಕೋಟೆ

ತೋಪು ಒಯ್ದದ್ದು ಹೆಂಗ ಅಂತ ಕೇಳೀರಿ. ನನ್ನ ಮಟ್ಟಿಗೆ ಈ ಮುತ್ತಿಗಿಯ ಅರ್ಧ ಕೆಲಸ ಅದರಾಗ ಐತಿ.

ಮೊದಲ ಕೋಟೆಗೆ ಹೋಗೋ ಹಾದಿ ಬಂದ್ ಮಾಡಿದ್ರು. ಸವಾನಾ ಪಟ್ಟಣ ನದಿಗುಂಟ ಮ್ಯಾಲ ಐತಿ, ಕೋಟೆಗೆ ಬರೋ ಕಾಳು, ಮದ್ದು, ಮಂದಿ ಎಲ್ಲಾ ಅಲ್ಲಿಂದ ದೋಣಿಮ್ಯಾಲ ಬರಬೇಕು. 1862ರ ಫೆಬ್ರುವರಿಯೊಳಗ ಕೋಟೆಗೂ ಪಟ್ಟಣಕ್ಕೂ ನಡುವಿನ ಜೋನ್ಸ್ ದ್ವೀಪದಾಗ, ವೀನಸ್ ಪಾಯಿಂಟ್ ಅನ್ನೋಕಡೆ, ತೋಪು ಕೂಡ್ರಿಸಿದ್ರು. ಆ ದ್ವೀಪ ಅಂದ್ರ ಹುಲ್ಲು ಬೆಳೆದ ರಾಡಿ, ಅಷ್ಟ. ಮನಷ್ಯಾ ನಿಂತ್ರ ಮೊಣಕಾಲು ಮುಳುಗತಾವ. ತೋಪಿನ ಗಾಲಿ ಅಡಿಗೆ ಉದ್ದನ್ನ ಹಲಗಿ ಜೋಡಿ ಹಾಸೋದು, ತೋಪು ಅದರ ಮ್ಯಾಲ ದೂಡೋದು, ಹಿಂದ ಖಾಲಿ ಆದ ಹಲಗಿ ಕಿತ್ತು ಮುಂದ ತಂದು ಹಾಸೋದು. ಹಲಗಿ ರಾಡಿ ಹತ್ತಿ ಜಾರಿದ್ರ ಗಾಲಿ ಕೆಳಗಿಳೀತಿತ್ತು, ಅದನ್ನ ಮತ್ತ ಎತ್ತಬೇಕು. ಇದೆಲ್ಲಾ ಕತ್ತಲದಾಗ. ಫೆಬ್ರುವರಿ 13ಕ್ಕ ಐಡಾ ಅನ್ನೋ ಸಣ್ಣ ಹಬೆ ದೋಣಿ ಗುಂಡಿನ ನಡುವ ಪಾರಾಗಿ ಕೋಟೆ ಮುಟ್ಟಿತು. ಸಾಮಾನು ತಂದ ದೋಣಿಗೊಳಗ ಅದ ಕಡೀದು.

ಆಮ್ಯಾಲ ಟೈಬೀ. ಅಲ್ಲಿ ಧಕ್ಕೆ ಇಲ್ಲ. ಹಡಗ ದೂರ ನಿಲ್ತಿತ್ತು. ಎರಡು ಚಪ್ಪಟಿ ದೋಣಿ ಜೋಡಿಸಿ ಮ್ಯಾಲ ಹಲಗಿ ಹಾಸಿ ತೋಪು ಇಳಿಸಿ, ಭರತಿ ಇದ್ದಾಗ ದಂಡಿ ಮಟಾ ತಂದು ತೆರಿಯೊಳಗ ಉಳ್ಳಿಸ್ತಿದ್ರು. ನೀರು ಇಳಿದ ಮ್ಯಾಲ ಹಗ್ಗಾ ಕಟ್ಟಿ ಮಂದಿ ಜಗ್ಗಿ ಮ್ಯಾಲ ತರ್ತಿದ್ರು. 13 ಇಂಚು ಮಾರ್ಟರ್ (ಗುಂಡು ಮುಗಿಲಿಗೆ ಹಾರಿಸಿ ಮ್ಯಾಲಿಂದ ಬೀಳಿಸೋ ಗಿಡ್ಡ ತೋಪು) ಒಂದೊಂದು 17,000 ಪೌಂಡ್, ಅಂದ್ರ ನಮ್ಮ ಲೆಕ್ಕದಾಗ ಏಳೂ ಮುಕ್ಕಾಲು ಟನ್ ಹತ್ತಿರ. ಅಂಥಾದ್ದೊಂದು ತೂಗು ಬಂಡಿಗೆ ನೇತಹಾಕಿ ಎಳಿಯಾಕ 250 ಮಂದಿಗೂ ಸಾಕುಸಾಕಾಗ್ತಿತ್ತು. ಜವುಗಿನ ಮ್ಯಾಲ ಹಾದಿ ಮಾಡಾಕ ಕಟಿಗಿ ಸೌದಿ, ಗಿಡದ ಟೊಂಗಿ ಹೊರಿ ಕಟ್ಟಿ ಹಾಸಿದ್ರು.

ಕಡೀ ಒಂದು ಮೈಲಿ ಹಾದಿ ಕೋಟೆಯವರ ಕಣ್ಣಿಗೆ ಬಿಚ್ಚಿ ಬೀಳ್ತಿತ್ತು, ತೋಪಿನ ಗುಂಡೂ ಮುಟ್ಟತಿದ್ವು. ಹಂಗಾಗಿ ಅಲ್ಲಿ ಹಗಲಿ ಕೆಲಸ ಇಲ್ಲ. ರಾತ್ರಿನೂ ಮಾತಾಡಂಗಿಲ್ಲ, ಹುಕುಂ ಕೊಡಬೇಕಂದ್ರ ಸೀಟಿ, ಇಲ್ಲಂದ್ರ ಪಿಸುಮಾತು. ಮಣ್ಣಿನ ಮೋರ್ಚಾ (ತೋಪು ಕೂಡ್ರಿಸೋ ದಿಬ್ಬ) ಒಮ್ಮೆಲೆ ಎಬ್ಬಿಸಿದ್ರ ಮುಂಜಾನೆ ಎದ್ದವರಿಗೆ ಕಾಣ್ತದ. ಅದಕ್ಕ ದಿನಾ ರಾತ್ರಿ ಒಂದೀಟು ಮಣ್ಣು ಏರಿಸೋದು, ಮ್ಯಾಲ ಗಿಡಗಂಟಿ ಮುಚ್ಚೋದು. ದಂಡಿಯ ಆಕಾರ ದಿನದಿಂದ ದಿನಕ್ಕ ಬದಲಾದದ್ದು ಕಣ್ಣಿಗೆ ಹತ್ತಬಾರದು, ಅಷ್ಟು ನಿಧಾನ.

ಫೆಬ್ರುವರಿ ಕಡೀ ವಾರ ಶುರುಮಾಡಿ ಏಪ್ರಿಲ್ 9ಕ್ಕ ಮುಗಿಸಿದ್ರು. ಒಟ್ಟ 11 ಮೋರ್ಚಾ, 36 ತೋಪು, 2550 ಗಜ ಉದ್ದಕ್ಕ ಹರವಿದ್ದು. ದೂರದ್ದು ಕೋಟೆಯಿಂದ 3400 ಗಜ, ಹತ್ತಿರದ್ದು 1650. ಮೋರ್ಚಾಗಳಿಗೆ ಲಿಂಕನ್, ಗ್ರಾಂಟ್, ಶೆರ್ಮನ್ ಅಂತೆಲ್ಲಾ ತಮ್ಮ ಕಡೆಯವರ ಹೆಸರಿಟ್ಟಿದ್ರು. ನಿಮ್ಮ ಮಾದರಿಗೆ ಬೇಕಾದವು ಎರಡು: ಸೀಗಲ್ ಮತ್ತ ಮೆಕ್‌ಕ್ಲೆಲನ್. ರೈಫಲ್ ತೋಪು ಇದ್ದದ್ದು ಅವೆರಡರಾಗ.

ಶೆರ್ಜಾ ಬುರುಜು, ವಿಜಯಪುರ

ಇಬ್ಬರಿಗೂ ಶರಣರಿ. ಹಲಗಿ ಹಾಸಿ ಕಿತ್ತು ಒಯ್ದದ್ದು ಹುಡುಗೂರ ಕೈಲೆ ಮಾಡಿಸಿ ತೋರಿಸಾಕ ಬರತೈತಿ.

ಇನ್ನ ಎರಡ ಕೇಳ್ತೀನಿ. ಕೋಟೆಯೊಳಗಿದ್ದವರು ತಿರುಗಿ ಹೊಡೀಲಿಲ್ಲೇನು? ಮತ್ತ ಪ್ರದರ್ಶನಕ್ಕ ಬಂದ ಮಂದಿ ಖರೇವಂದ್ರೂ ಕೇಳೋದು: ನಮ್ಮ ವಿಜಯಪುರದ ಗ್ವಾಡಿ ಅದರ ಜಾಗಾದಾಗ ಇದ್ದಿದ್ರ?

ಮದ್ದಿನಮನಿ, ಬೆಳಗಾವಿ

ಒಳಗಿನ ಸ್ಥಿತಿ ಹೇಳ್ತೀನಿ.

ಕೋಟೆ ದಕ್ಷಿಣದವರ ಕೈಗೆ ಬಂದದ್ದು ಯುದ್ಧ ಶುರುವಾಗೋಕಿಂತ ಮೊದಲೇ. 1861ರ ಜನವರಿ 3ಕ್ಕೆ ಜಾರ್ಜಿಯಾದ ಗವರ್ನರ್ ಜೋಸೆಫ್ ಬ್ರೌನ್ ಹುಕುಂ ಮೇಲೆ ರಾಜ್ಯದ ಸೈನಿಕರು ಬಂದು ಹಿಡಿದರು. ಕಾವಲಿಗೆ ಒಂದಿಬ್ಬರು ಇದ್ದರು, ತಡೆಯುವವರು ಯಾರೂ ಇರಲಿಲ್ಲ. ಆ ರಾಜ್ಯ ಒಕ್ಕೂಟ ಬಿಟ್ಟದ್ದೇ ಜನವರಿ 19ಕ್ಕೆ.

1862ರ ಏಪ್ರಿಲ್ ಹೊತ್ತಿಗೆ ಒಳಗೆ 385 ಮಂದಿ, 48 ತೋಪು. ಸುಮಾರು 140 ತೋಪು ಕೂಡ್ರಿಸಲು ಜಾಗ ಮಾಡಿ ಕಟ್ಟಿದ ಕೋಟೆಯಲ್ಲಿ ಇದ್ದದ್ದು ಅಷ್ಟೇ, ಮತ್ತೆ ಆ 48 ಎಲ್ಲ ಟೈಬೀ ಕಡೆ ಮುಖ ಮಾಡಿರಲಿಲ್ಲ. ಈ ಕೋಟೆಯ ಕೆಲಸ ನದಿಯಲ್ಲಿ ಬರುವ ಹಡಗು ತಡೆಯುವುದು, ಹೀಗಾಗಿ ತೋಪುಗಳನ್ನು ಸುತ್ತಲೂ ಹಂಚಿದ್ದರು. ಓಲ್ಮ್‌ಸ್ಟೆಡ್ ತಯಾರಿ ಮಾಡಿಕೊಂಡಿದ್ದ. ಮಾರ್ಟರ್ ಗುಂಡು ಮೇಲಿಂದ ಬಿದ್ದು ಉರುಳಾಡಬಾರದೆಂದು ನಡುವಿನ ಅಂಗಳದಲ್ಲಿ ಉದ್ದುದ್ದ ತಗ್ಗು ತೋಡಿಸಿದ, ಬಿದ್ದ ಗುಂಡು ತಗ್ಗಿನಲ್ಲೇ ಸಿಡಿಯಲಿ ಅಂತ. ಕಮಾನಿನ ಕೋಣೆಗಳ ಬಾಯಿಗೆ ದಪ್ಪ ತೊಲೆಗಳನ್ನು ಓರೆಯಾಗಿ ಒರಗಿಸಿ ಮೇಲೆ ಮಣ್ಣು ಹೇರಿಸಿದ. ಈ ತಯಾರಿ ಪೂರ್ತಿ ಮಾರ್ಟರ್ ಸಲುವಾಗಿ. ನೇರ ಗೋಡೆಗೆ ಬಡಿಯುವ ಗುಂಡಿಗೆ ಯಾವ ತಯಾರಿಯೂ ಇರಲಿಲ್ಲ, ಯಾಕೆಂದರೆ ಅದು ಆಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ.

ಏಪ್ರಿಲ್ 10ರ ಮುಂಜಾನೆ ಒಕ್ಕೂಟದ ಜನರಲ್ ಡೇವಿಡ್ ಹಂಟರ್ ಬಿಳಿ ಬಾವುಟದ ದೋಣಿಯಲ್ಲಿ ಪತ್ರ ಕಳಿಸಿ ಶರಣಾಗಲು ಹೇಳಿದ. ಓಲ್ಮ್‌ಸ್ಟೆಡ್ ಒಪ್ಪಲಿಲ್ಲ. 8 ಗಂಟೆ 10 ನಿಮಿಷಕ್ಕೆ ಮೊದಲ ಗುಂಡು. ಕೋಟೆಯವರೂ ತಿರುಗಿ ಹೊಡೆದರು, ಆದರೆ ಎದುರಿಗಿದ್ದದ್ದು ತಗ್ಗು ಮಣ್ಣಿನ ದಿಬ್ಬ. ಗುರಿ ಕಾಣುವುದಿಲ್ಲ, ತಾಗಿದರೂ ಮಣ್ಣು ನುಂಗಿಬಿಡುತ್ತದೆ. ಸಂಜೆಯೊಳಗೆ ಆಗ್ನೇಯ ಮೂಲೆಯ ಗೋಡೆ ಕಿತ್ತುಹೋಗಿತ್ತು, ಅಲ್ಲಿಯ ತೋಪುಗಳು ಕೆಟ್ಟು ನಿಂತಿದ್ದವು. ರಾತ್ರಿ ರಿಪೇರಿ ಮಾಡಿಕೊಳ್ಳದ ಹಾಗೆ ಆಗಾಗ ಗುಂಡು ಬೀಳುತ್ತಲೇ ಇತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಎರಡು ಕಮಾನಿನ ಕೋಣೆ ಪೂರಾ ಬಾಯಿ ಬಿಟ್ಟವು. ಬಿದ್ದ ಇಟ್ಟಿಗೆ ಕಂದಕಕ್ಕೇ ಉರುಳಿತು.

ಈಗ ಮೂಲೆಯ ಗುಟ್ಟು. ಆಗ್ನೇಯ ಮೂಲೆ ಟೈಬೀಗೆ ಹತ್ತಿರ, ಅದು ಒಂದು ಕಾರಣ. ದೊಡ್ಡ ಕಾರಣ ಬೇರೆ. ಆ ಮೂಲೆಯಿಂದ ಅಂಗಳದ ಮೇಲೆ ಓರೆಯಾಗಿ ಒಂದು ಗೆರೆ ಎಳೆಯಿರಿ, ಅದು ಹೋಗಿ ಮುಟ್ಟುವುದು ವಾಯವ್ಯದ ಮದ್ದಿನ ಮನೆಗೆ. ಅದರಲ್ಲಿ ಇದ್ದದ್ದು 40,000 ಪೌಂಡ್ ಮದ್ದು, ಅಂದರೆ 18 ಟನ್. ಮೂಲೆ ಬಾಯಿ ಬಿಟ್ಟ ಮೇಲೆ ಅದರೊಳಗಿಂದ ಹಾಯ್ದ ಸಿಡಿಗುಂಡುಗಳು ಅಂಗಳ ದಾಟಿ ನೇರ ಮದ್ದಿನ ಮನೆಯ ಗೋಡೆಗೇ ಬಡಿಯಲು ಶುರುವಾದವು. ಒಂದು ಗುಂಡು ಒಳಹೊಕ್ಕರೆ 385 ಮಂದಿಯಲ್ಲಿ ಉಳಿಯುವವರು ಯಾರೂ ಇಲ್ಲ. ಬಿಡಿಸಲು ಬರುವವರೂ ಇರಲಿಲ್ಲ, ನದಿ ಆಗಲೇ ಬಂದ್. ಮಧ್ಯಾಹ್ನ ಎರಡರ ಮೇಲೆ ಬಿಳಿ ಬಾವುಟ ಏರಿತು. ಓಲ್ಮ್‌ಸ್ಟೆಡ್ ಹೆದರಿ ಕೊಟ್ಟ ಅನ್ನುವವರು ಈ ಗೆರೆಯನ್ನು ಒಮ್ಮೆ ನಕ್ಷೆಯ ಮೇಲೆ ಎಳೆದು ನೋಡಲಿ. ಅವನ ಜಾಗದಲ್ಲಿ ಅದಕ್ಕಿಂತ ಸರಿಯಾದ ನಿರ್ಧಾರ ಇರಲಿಲ್ಲ.

ಬೆಳಗಾವಿಯವರಿಗೆ ಒಂದು ಮಾತು: ಬ್ರಿಟಿಷರ ಸರ್ ಥಾಮಸ್ ಮನ್ರೋಗೆ ನಮ್ಮ ಕೋಟೆ ಶರಣಾದದ್ದು 1818ರ ಏಪ್ರಿಲ್ 10ಕ್ಕೆ. ಪುಲಾಸ್ಕಿ ಮೇಲೆ ಮೊದಲ ಗುಂಡು ಹಾರಿದ ದಿನಕ್ಕಿಂತ ಸರಿಯಾಗಿ 44 ವರ್ಷ ಹಿಂದೆ. ಬೆಳಗಾವಿಯಲ್ಲಿ ನಯ ತೋಪಿನ ಮುತ್ತಿಗೆ ಮೂರು ವಾರ ನಡೆಯಿತು.

ಘಟಪ್ರಭಾ ದಂಡಿ, ಬಾಗಲಕೋಟೆ

ಗಚ್ಚುಗಾರೆ ಅವರ ಮಾತಿಗೆ ಒಂದು ಸೇರಿಸಬೇಕು, ಇಲ್ಲಂದ್ರ 36 ತೋಪೂ ಗ್ವಾಡಿ ಒಡದ್ವು ಅಂತ ಹುಡುಗೂರು ತಿಳ್ಕೋತಾರ. 36ರಾಗ ರೈಫಲ್ ಬರೇ 10, ಐದು ಪ್ಯಾರಟ್, ಐದು ಜೇಮ್ಸ್. 10 ಕೊಲಂಬಿಯಾಡ್. ಉಳಿದ 16 ಮಾರ್ಟರ್. ಈ ಮಾರ್ಟರ್‌ದ್ದ ದೊಡ್ಡ ನಿರಾಶಾ. ಅವನ್ನ ಎಳಿಯಾಕ ಅಷ್ಟು ಮಂದಿ ಸತ್ತು ಸುಣ್ಣ ಆದ್ರು, ಹಾರಿಸಿದ ಗುಂಡಿನ್ಯಾಗ ಕೋಟೆಯೊಳಗ ಬಿದ್ದದ್ದು ನೂರಕ್ಕ ಹತ್ತೂ ಇಲ್ಲ. ಮುಗಿಲಿಗೆ ಏರಿ ಇಳಿಯೋ ಗುಂಡಿಗೆ ಅಷ್ಟು ದೂರದಾಗ ಗಾಳಿ, ಮದ್ದಿನ ತೂಕ, ಬತ್ತಿಯ ಉದ್ದ, ಎಲ್ಲಾ ಕೂಡಿ ಬರಬೇಕು. ಒಂದು ತಪ್ಪಿದ್ರ ಜವುಗಿನ್ಯಾಗ. ಕೆಲವು ಕೊಲಂಬಿಯಾಡ್ ತಮ್ಮ ಹಿಂದೊದಿಯೋ ಜೋರಿಗೆ ತಾವ ಪೀಠ ಬಿಟ್ಟು ಜಿಗಿದಿದ್ವು, ಅವನ್ನ ಮತ್ತ ಕೂಡ್ರಿಸಬೇಕಾತು.

ಎರಡೂ ದಿನ ಕೂಡಿ 5275 ಗುಂಡು ಹಾರ್ಯಾವ. ಕೆಲಸಕ್ಕ ಬಂದವು ಹತ್ತಿರದ ಎರಡು ಮೂರು ಮೋರ್ಚಾದವು. ಎರಡನೇ ದಿನ ಸೀಗಲ್ ಮೋರ್ಚಾದಾಗ ವಾಬಾಶ್ ಹಡಗಿನ ನಾವಿಕರೂ ತೋಪು ನಡಿಸ್ಯಾರ, ಗುರಿ ಹಿಡಿಯೋ ರೂಢಿ ಅವರಿಗೆ ಮೊದಲ ಇತ್ತು.

ಗಚ್ಚುಗಾರೆ, ಬೆಳಗಾವಿ

ಸರಿಯಾದ ತಿದ್ದುಪಡಿ. ಆ ಹತ್ತು ತೋಪು ಇಲ್ಲದಿದ್ದರೆ ಗಿಲ್ಮೋರ್ ಟೈಬೀ ಮೇಲೆ ವರ್ಷಗಟ್ಟಲೆ ಕೂತಿರುತ್ತಿದ್ದ.

ವಿಜಯಪುರದ ಗೋಡೆಯ ಪ್ರಶ್ನೆ ಬಹಳ ಚೆನ್ನಾಗಿದೆ, ಯಾಕೆಂದರೆ ಉತ್ತರ ಅದೇ ಯುದ್ಧದಲ್ಲಿ ಸಿಗುತ್ತದೆ. ಒಂದು ವರ್ಷದ ಮೇಲೆ ಇದೇ ಗಿಲ್ಮೋರ್ ಚಾರ್ಲ್ಸ್‌ಟನ್ ಬಂದರಿನ ಮುಂದೆ ನಿಂತ. ಅಲ್ಲಿ ಮಾರಿಸ್ ದ್ವೀಪದ ಮೇಲೆ ಫೋರ್ಟ್ ವ್ಯಾಗ್ನರ್ ಅನ್ನುವುದೊಂದು ಇತ್ತು: ಮರಳು, ಮಣ್ಣು, ತಾಳೆ ದಿಮ್ಮಿಯಲ್ಲಿ ಎಬ್ಬಿಸಿದ್ದು. 1863ರ ಜುಲೈ 18ರ ಸಂಜೆ ದಾಳಿಗೆ ಕಳಿಸಿದ ಪಡೆಗಳಲ್ಲಿ ಮುಂದೆ ಹೋದದ್ದು ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ಪಡೆ. ಹಗಲೆಲ್ಲ ತೋಪಿನ ಮಳೆ ಸುರಿಸಿದ್ದರೂ ಕೋಟೆ ಜಗ್ಗಿರಲಿಲ್ಲ, ದಾಳಿ ಮುರಿದುಬಿತ್ತು. ಮರಳಿಗೆ ಗುಂಡು ಹೊಕ್ಕರೆ ತೂತು ಮುಚ್ಚಿಕೊಳ್ಳುತ್ತದೆ. ರಾತ್ರಿ ಸಲಿಕೆ ತಗೊಂಡು ನಾಲ್ಕು ಬುಟ್ಟಿ ಹಾಕಿದರೆ ಬೆಳಗ್ಗೆ ಹೊಸ ಗೋಡೆ. ಇಟ್ಟಿಗೆಗೆ ಆ ಗುಣ ಇಲ್ಲ, ಒಡೆದ ಜಾಗ ಒಡೆದೇ ಇರುತ್ತದೆ, ಜೊತೆಗೆ ಅದರ ಚೂರು ಒಳಗಿನವರಿಗೆ ಬಡಿಯುತ್ತದೆ. ವ್ಯಾಗ್ನರ್ ಖಾಲಿಯಾದದ್ದು ಸೆಪ್ಟೆಂಬರ್ 6ರ ರಾತ್ರಿ, ಅದೂ ಕಂದಕ ತೋಡುತ್ತ ಬಾಗಿಲವರೆಗೂ ಹೋದ ಮೇಲೆ.

ಅಲ್ಲೇ ಪಕ್ಕದ ಫೋರ್ಟ್ ಸಮ್ಟರ್ ಇಟ್ಟಿಗೆಯದು. ಆಗಸ್ಟ್ 17ರಿಂದ ಗಿಲ್ಮೋರ್ ಅದನ್ನು ಎರಡೂವರೆ ಮೈಲಿ ಆಸುಪಾಸಿನಿಂದ ಹೊಡೆದು ಹಾಳುದಿಬ್ಬ ಮಾಡಿದ. ಆ ದಿಬ್ಬಕ್ಕೆ ಒಳಗಿನವರು ಮರಳು, ಹತ್ತಿ ಮೂಟೆ ತುಂಬಿ ಒತ್ತಿದರು. ಗೋಡೆ ಇದ್ದಾಗಿಗಿಂತ ಗಟ್ಟಿಯಾಯಿತು! 1865ರ ಫೆಬ್ರುವರಿವರೆಗೆ ಕೈಗೆ ಸಿಗಲಿಲ್ಲ.

ನಿಮ್ಮ ಊರಿನ ಕೋಟೆ ಗೋಡೆ ಎರಡು ಕಲ್ಲಿನ ಗೋಡೆ, ನಡುವೆ ಗಚ್ಚಾಗಿ ತುಂಬಿದ ಮಣ್ಣು. ಹೊರಗಿನ ಕಲ್ಲು ಕಿತ್ತರೂ ಹಿಂದೆ ಮಣ್ಣಿನ ಗಡ್ಡೆ ಇದೆ, ಗುಂಡಿನ ಜೋರು ಅಲ್ಲಿ ಸಾಯುತ್ತದೆ. ಆದ್ದರಿಂದ ಪುಲಾಸ್ಕಿ ಬಿದ್ದ ರೀತಿಯಲ್ಲಿ, ಒಂದೂವರೆ ದಿನದಲ್ಲಿ, ಅದು ಆರಪಾರ ಬಾಯಿ ಬಿಡುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಮುತ್ತಿಗೆಯಲ್ಲಿ ಗೋಡೆಯೊಂದೇ ಲೆಕ್ಕಕ್ಕೆ ಬರುವುದಿಲ್ಲ. ಔರಂಗಜೇಬನ ಸೈನ್ಯ 1685ರಲ್ಲಿ ಬಂದು ಸುತ್ತಿತು, 1686ರ ಸೆಪ್ಟೆಂಬರ್‌ನಲ್ಲಿ ಊರು ಶರಣಾಯಿತು. ಒಳಗೆ ಕಾಳು, ಮೇವು ತೀರಿದ್ದವು.

ತೋಪಿನ ವಿಷಯವನ್ನೂ ಪ್ರದರ್ಶನದಲ್ಲಿ ಬಿಡಬೇಡಿ. ಮಲಿಕ್-ಎ-ಮೈದಾನ್ 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಕಂಚಿನ ತೋಪು, ಸುಮಾರು 55 ಟನ್, ಬಾಯಿ ಎರಡು ಅಡಿಗೂ ಹೆಚ್ಚು. ಅಲ್ಲಿ ಶಕ್ತಿ ಬಂದದ್ದು ಗಾತ್ರದಿಂದ. ಪ್ಯಾರಟ್‌ನ ಬಾಯಿ 4.2 ಇಂಚು. ಅಲ್ಲಿ ಶಕ್ತಿ ಬಂದದ್ದು ಗೀರಿನಿಂದ. ಪ್ಯಾರಟ್‌ಗೆ ಒಂದು ದೋಷವೂ ಇತ್ತು: ಎರಕದ ಕಬ್ಬಿಣ ಪೆಡಸು, ಹಿಂಭಾಗಕ್ಕೆ ಮೆತು ಕಬ್ಬಿಣದ ದಪ್ಪ ಪಟ್ಟಿ ಹಾಕಿದರೂ ದೊಡ್ಡ ಅಳತೆಯವು ಸಿಡಿಯುತ್ತಿದ್ದವು. ಚಾರ್ಲ್ಸ್‌ಟನ್ ಊರಿನ ಮೇಲೆ ಹಾರಿಸಲು ಜವುಗಿನಲ್ಲಿ ಕೂಡ್ರಿಸಿದ 8 ಇಂಚಿನ ಪ್ಯಾರಟ್ 36ನೇ ಗುಂಡಿಗೆ ಒಡೆದುಹೋಯಿತು.

ಹತ್ತಿ ಅಂಡಿಗಿ, ಬಾಗಲಕೋಟೆ

ತೋಪಿನ ಮಾತಿನ್ಯಾಗ ಎರಡು ಸಂಗತಿ ಬಿಟ್ಟು ಹೋಗ್ಯಾವ.

ಒಂದು, ಇಟ್ಟಂಗಿ ಮಾಡಿದವರು. ಹರ್ಮಿಟೇಜ್ ತೋಟದ ಭಟ್ಟಿಯೊಳಗ ದುಡಿದವರು ಗುಲಾಮರು. ಕೋಟೆ ಕೈಗೆ ಬಂದ ಎರಡ ದಿನಕ್ಕ, ಏಪ್ರಿಲ್ 13ಕ್ಕ, ಹಂಟರ್ ಹುಕುಂ ಹೊರಡಿಸಿದ: ಕೋಟೆಯೊಳಗ, ಕಾಕ್ಸ್‌ಪರ್ ದ್ವೀಪದಾಗ ಇರೋ ಗುಲಾಮರೆಲ್ಲಾ ಇನ್ನ ಮ್ಯಾಲ ಸ್ವತಂತ್ರರು. ಮೇ 9ಕ್ಕ ಅದನ್ನ ಜಾರ್ಜಿಯಾ, ಫ್ಲಾರಿಡಾ, ದಕ್ಷಿಣ ಕೆರೊಲಿನಾಕ್ಕೆಲ್ಲಾ ಹಿಗ್ಗಿಸಿದ. ಲಿಂಕನ್ ಮೇ 19ಕ್ಕ ಆ ದೊಡ್ಡ ಹುಕುಂ ರದ್ದು ಮಾಡಿದ್ರು. ಅವರದ ಬಿಡುಗಡೆ ಘೋಷಣಾ ಜಾರಿಗೆ ಬಂದದ್ದು 1863ರ ಜನವರಿ 1ಕ್ಕ. ನಿಮ್ಮ ಪ್ರದರ್ಶನದ ಫಲಕದಾಗ ಇದಕ್ಕ ಜಾಗಾ ಇಡ್ರಿ, ತೋಪಿನಷ್ಟ ಇದೂ ಮುಖ್ಯ.

ಎರಡನೇದು ನಮ್ಮ ಕಡೆಯ ನಂಟು. ಸವಾನಾ ಹತ್ತಿ ಬಂದರು. ಪುಲಾಸ್ಕಿ ಬಿದ್ದ ಮ್ಯಾಲ ದೊಡ್ಡ ಹಡಗಿಗೆ ಆ ಹಾದಿ ಮುಚ್ಚಿತು. ಹಿಂಗ ದಕ್ಷಿಣದ ಬಂದರುಗಳು ಒಂದೊಂದ ಬಂದ್ ಆದಂಗ ಲಂಕಾಶೈರ್ ಗಿರಣಿಗೆ ಹತ್ತಿ ಇಲ್ಲದಂಗಾತು, ಮುಂಬೈ ಪ್ಯಾಟ್ಯಾಗ ಧಾರಣಿ ಏರಿತು. ಧಾರವಾಡ ಜಿಲ್ಲಾದ ಎರಿ ಹೊಲದಾಗ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ 1840ರ ದಶಕದಿಂದ ಬೆಳೀತಿದ್ರು, ಅದಕ್ಕ ಧಾರವಾಡ ಅಮೆರಿಕನ್ ಅಂತ ಹೆಸರು. ಆಗ ಈ ಕಡೆ ರೈಲಿಲ್ಲ. ಅಂಡಿಗಿ ಬಂಡಿಮ್ಯಾಲ ಘಟ್ಟಾ ಇಳಿದು ಕುಮಟಾ ಬಂದರಿಗೆ ಹೋಗಬೇಕು. ಕುಮಟಾ ಹತ್ತಿ ಅಂತನ ಲಿವರ್‌ಪೂಲ್‌ದಾಗ ಹೆಸರಾಗಿತ್ತು. 1862ರಾಗ ಉತ್ತರ ಕನ್ನಡ ಜಿಲ್ಲಾ ಮದ್ರಾಸಿನಿಂದ ತಗದು ಮುಂಬೈಗೆ ಸೇರಿಸಿದ್ರಾಗ ಈ ಹತ್ತಿ ಮತ್ತ ಕಾರವಾರ ಬಂದರಿನ ಲೆಕ್ಕಾಚಾರನೂ ಇತ್ತು. 1865ಕ್ಕ ಯುದ್ಧ ಮುಗೀತು, ಧಾರಣಿ ಕುಸೀತು, ಮುಂಬೈದಾಗ ಎಷ್ಟೋ ಬ್ಯಾಂಕು ಮುಳುಗಿದ್ವು. ಹುಡುಗೂರಿಗೆ ಸವಾನಾ ಎಲ್ಲಿ, ನಮ್ಮ ಎರಿ ಭೂಮಿ ಎಲ್ಲಿ ಅನ್ನೋದು ಒಂದ ನಕಾಶೆದಾಗ ತೋರಿಸಾಕ ಬರತೈತಿ.

ಮದ್ದಿನಮನಿ, ಬೆಳಗಾವಿ

ಮಾದರಿಯ ಅಳತೆ ಯಾರೂ ಹೇಳಲಿಲ್ಲ. ಸಾವಿರಕ್ಕೆ ಒಂದು ಇಟ್ಟುಕೊಳ್ಳಿ. ದೊಡ್ಡ ಅಳತೆಗೆ ಹೋದರೆ ಕೋಟೆ ಚಂದ ಕಾಣುತ್ತದೆ, ಆದರೆ ಟೈಬೀ ಪಕ್ಕದ ಕೋಣೆಗೆ ಹೋಗುತ್ತದೆ. ನೂರಕ್ಕೆ ಒಂದು ಮಾಡಿದರೆ ಹತ್ತಿರದ ತೋಪನ್ನೇ 15 ಮೀಟರ್ ದೂರ ಇಡಬೇಕು.

ಸಾವಿರಕ್ಕೆ ಒಂದರಲ್ಲಿ ಕೋಟೆ ಅಂಗೈ ಅಗಲ. ಗೋಡೆ 2.3 ಮಿಲಿಮೀಟರ್ ದಪ್ಪ, ದಪ್ಪ ರಟ್ಟು ಸಾಕು. ಥರ್ಮಾಕೋಲ್ ಬೇಡ, ಅಷ್ಟು ತೆಳುವಾಗಿ ಕೊಯ್ದರೆ ಪುಡಿಯಾಗುತ್ತದೆ. ಮೆಕ್‌ಕ್ಲೆಲನ್ ಮೋರ್ಚಾ ಕೋಟೆಯಿಂದ ಒಂದೂವರೆ ಮೀಟರ್, ಅತಿ ದೂರದ್ದು 3.1 ಮೀಟರ್. ಎರಡು ಡೆಸ್ಕ್ ಜೋಡಿಸಿದರೆ ಸಾಲದು, ನೆಲದ ಮೇಲೆ ಬಟ್ಟೆ ಹಾಸಿ ಮಾಡಿ. ಕೋಟೆಯ ಸುತ್ತ 73 ಸೆಂಟಿಮೀಟರ್‌ಗೆ ಕೆಂಪು ದಾರದ ವೃತ್ತ ಹಾಕಿ, ಅದು ಹಳೇ 800 ಗಜದ ಮಿತಿ. ಎಲ್ಲ ಮೋರ್ಚಾಗಳೂ ಆ ದಾರದ ಹೊರಗೇ ಇವೆ ಅನ್ನುವುದು ನೋಡಿದ ತಕ್ಷಣ ಗೊತ್ತಾಗುತ್ತದೆ.

ದಿಕ್ಕು ತಪ್ಪಬೇಡಿ. ಟೈಬೀ ಆಗ್ನೇಯಕ್ಕೆ, ಸವಾನಾ ಪಟ್ಟಣ ಪಶ್ಚಿಮಕ್ಕೆ, ಜೋನ್ಸ್ ದ್ವೀಪ ಆ ನಡುವೆ ನದಿಯ ಉತ್ತರ ಬದಿಗೆ. ಆಗ್ನೇಯ ಮೂಲೆಯ ಎರಡು ಕೋಣೆಯಷ್ಟು ರಟ್ಟನ್ನು ತೆಗೆದು ಬರುವ ಹಾಗೆ ಕತ್ತರಿಸಿಡಿ. ಮೆಕ್‌ಕ್ಲೆಲನ್ ಮೋರ್ಚಾಕ್ಕೆ ಒಂದು ದಾರ ಕಟ್ಟಿ, ಆ ಮೂಲೆಯ ಮೂಲಕ ಒಳಗೆ ಎಳೆದು ವಾಯವ್ಯದ ಮದ್ದಿನ ಮನೆಗೆ ಬಿಗಿಯಿರಿ. ತುಂಡು ಇದ್ದಾಗ ದಾರ ಹಾಯುವುದಿಲ್ಲ, ತೆಗೆದಾಗ ನೇರ ಹಾಯುತ್ತದೆ. ಈಗಿನ ಕೋಟೆ ತೋರಿಸುವುದಾದರೆ ಆ ತುಂಡಿಗೆ ಬೇರೆ ಕೆಂಪು ಹಚ್ಚಿ. ಒಕ್ಕೂಟದ ಸೈನಿಕರು ಕೋಟೆ ಹಿಡಿದ ಕೆಲವೇ ವಾರಗಳಲ್ಲಿ ಮೂಲೆ ಕಟ್ಟಿ ಮುಗಿಸಿದರು, ಆ ಹೊಸ ಇಟ್ಟಿಗೆಯ ಬಣ್ಣ ಹಳೆಯದಕ್ಕೆ ಇವತ್ತಿಗೂ ಕೂಡಿಲ್ಲ.